ಬಡ್ಡಿಯಿಲ್ಲದ ಹಣಕಾಸು ಕಲಿಯಲು ಮೈಸೂರು, ಮಂಡ್ಯದವರಿಗೆ ಯಾವ ದಾರಿ?

ಪದವಿ ಫಲಿತಾಂಶ ಬಂದ ತಿಂಗಳಲ್ಲಿ ನನ್ನ ಬಳಿ ಸಲಹೆ ಕೇಳಲು ಬರುವವರಲ್ಲಿ ಈಚೆಗೆ ಒಂದು ಹೊಸ ಗುಂಪು ಸೇರಿಕೊಂಡಿದೆ. ಉದಯಗಿರಿ, ರಾಜೀವನಗರದ ಕಡೆಯಿಂದ ಬಿ.ಕಾಂ., ಬಿಬಿಎ ಮುಗಿಸಿದ ಹುಡುಗ ಹುಡುಗಿಯರು, ಮದರಸಾದಲ್ಲಿ ಆಲಿಂ (ಧರ್ಮಪಂಡಿತ) ಪದವಿ ಪಡೆದು ಮುಂದೇನು ಎಂದು ಯೋಚಿಸುತ್ತಿರುವ ಯುವಕರು, ಒಮ್ಮೊಮ್ಮೆ ಬಡ್ಡಿರಹಿತ ಸಾಲ ಕೊಡುವ ಸಣ್ಣ ಸಂಘಗಳ ನಿರ್ದೇಶಕರು. ಇಸ್ಲಾಮಿ ಹಣಕಾಸನ್ನು ಎಲ್ಲಿ ಕಲಿಯುವುದು, ಕಲಿತರೆ ಕೆಲಸ ಸಿಗುತ್ತದೆಯೇ, ಕಲಿತವರನ್ನು ಎಲ್ಲಿಂದ ತರುವುದು ಎಂಬುದು ಅವರ ಪ್ರಶ್ನೆ. ನಾನು ಲೆಕ್ಕಶಾಸ್ತ್ರ ಕಲಿಸುವವನು. ಫತ್ವಾ ಕೊಡುವ ಅರ್ಹತೆ ನನ್ನದಲ್ಲ. ಆದರೆ ಯಾವ ಓದು ಯಾರಿಗೆ ಹೊಂದುತ್ತದೆ, ಯಾವುದರಿಂದ ಬರೀ ಪ್ರಮಾಣಪತ್ರ ಸಿಗುತ್ತದೆ, ಯಾವುದರಿಂದ ಕಸುಬು ಕೈಗೆ ಬರುತ್ತದೆ ಎಂಬುದನ್ನು ಹೇಳಬಲ್ಲೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಊರಿನಲ್ಲಿ ಕುಳಿತು ನೋಡಿದರೆ, ವಾಣಿಜ್ಯ ಓದಿದವರು ಮೊದಲು ಪೂರ್ತಿ ಲೆಕ್ಕಿಗರಾಗಬೇಕು, ಆಮೇಲೆ ಶರೀಅತ್ತಿನ, ಅಂದರೆ ಇಸ್ಲಾಮಿ ಧರ್ಮಶಾಸ್ತ್ರದ, ವ್ಯವಹಾರ ನಿಯಮಗಳನ್ನು ಕಲಿಯಬೇಕು. ಮದರಸಾದಲ್ಲಿ ಓದಿದವರು ತಮ್ಮ ಓದಿನ ಮೇಲೆಯೇ ನಿಂತು ಲೆಕ್ಕವನ್ನೂ ಕಾನೂನನ್ನೂ ಸೇರಿಸಿಕೊಳ್ಳಬೇಕು. ‘ಇಸ್ಲಾಮಿಕ್ ಫೈನಾನ್ಸ್’ ಎಂಬ ಹೆಸರಿರುವ ಪ್ರಮಾಣಪತ್ರ ಇಬ್ಬರಿಗೂ ಕೊನೆಯ ಮೆಟ್ಟಿಲು, ಮೊದಲನೆಯದಲ್ಲ. ಇದಕ್ಕೆ ಒಪ್ಪದೆ ನೇರವಾಗಿ ಪ್ರಮಾಣಪತ್ರಕ್ಕೆ ಹಣ ಕಟ್ಟಿದವರು ಬಹಳ ಮಂದಿ ಇದ್ದಾರೆ.

ಕುರ್‌ಆನಿನಲ್ಲಿ ಕೆಲಸಕ್ಕೆ ಆಳನ್ನು ಆರಿಸುವ ಒಂದು ಪ್ರಸಂಗವಿದೆ (28:26). ಮದ್ಯನ್ ಊರಿನ ಹೆಣ್ಣುಮಗಳು ತನ್ನ ತಂದೆಗೆ ಮೂಸಾ ಅವರನ್ನು ಕೆಲಸಕ್ಕೆ ಇಟ್ಟುಕೊಳ್ಳಲು ಹೇಳುತ್ತಾಳೆ; ಕೆಲಸಕ್ಕಿಡಲು ಉತ್ತಮನಾದವನು ಬಲಶಾಲಿಯೂ ನಂಬಿಗಸ್ತನೂ ಆಗಿರಬೇಕೆಂದು ಕಾರಣ ಕೊಡುತ್ತಾಳೆ. ಯೂಸುಫ್ ಈಜಿಪ್ಟಿನ ದೊರೆಯ ಮುಂದೆ ಉಗ್ರಾಣಗಳ ಹೊಣೆ ಕೇಳುವಾಗ (12:55) ತಾನು ಕಾಪಾಡಬಲ್ಲವನು, ತಿಳಿದವನು ಎನ್ನುತ್ತಾರೆ. ಎರಡೂ ಕಡೆ ಜೋಡಿ ಗುಣಗಳೇ: ಕೆಲಸದ ಸಾಮರ್ಥ್ಯ, ಅದರ ಜೊತೆಗೆ ಅಮಾನತ್, ಅಂದರೆ ನಂಬಿಕೆಗೆ ಅರ್ಹವಾದ ಗುಣ. ಇಸ್ಲಾಮಿ ಅರ್ಥಶಾಸ್ತ್ರದಲ್ಲಿ ಮಾನವ ಸಂಪನ್ಮೂಲದ ಬಗ್ಗೆ ಬರೆಯುವವರಲ್ಲಿ ಹಲವರು ಹೊರಡುವುದು ಈ ಜೋಡಿಯಿಂದಲೇ. ಕೋರ್ಸ್ ಆರಿಸುವಾಗಲೂ ಇದನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಿ. ನಿಮ್ಮಲ್ಲಿ ಯಾವ ಅರ್ಧ ಈಗಾಗಲೇ ಇದೆ? ಈ ಓದು ತುಂಬಿಕೊಡುವುದು ಯಾವ ಅರ್ಧವನ್ನು?

ಕೆಲಸ ಎಲ್ಲಿದೆ?

ಭಾರತದಲ್ಲಿ ಇಸ್ಲಾಮಿ ಬ್ಯಾಂಕ್ ಇಲ್ಲ. 1949ರ ಬ್ಯಾಂಕಿಂಗ್ ನಿಯಂತ್ರಣ ಕಾಯಿದೆಯ 8ನೇ ಕಲಮು ಬ್ಯಾಂಕುಗಳು ಸರಕು ಕೊಂಡು ಮಾರುವುದನ್ನು ತಡೆಯುತ್ತದೆ. ಇಸ್ಲಾಮಿ ಹಣಕಾಸಿನ ಬಹುಪಾಲು ಕರಾರುಗಳು ನಿಂತಿರುವುದೇ ಸರಕಿನ ಕೊಡುಕೊಳ್ಳುವಿಕೆಯ ಮೇಲೆ. 2008ರಲ್ಲಿ ರಘುರಾಂ ರಾಜನ್ ಅಧ್ಯಕ್ಷತೆಯ ಹಣಕಾಸು ವಲಯ ಸುಧಾರಣಾ ಸಮಿತಿ ಬಡ್ಡಿರಹಿತ ಬ್ಯಾಂಕಿಂಗ್‌ಗೆ ಅವಕಾಶ ಮಾಡಿಕೊಡಬೇಕೆಂದು ಶಿಫಾರಸು ಮಾಡಿತು. 2017ರಲ್ಲಿ ರಿಸರ್ವ್ ಬ್ಯಾಂಕ್ ಮಾಹಿತಿ ಹಕ್ಕಿನ ಅರ್ಜಿಯೊಂದಕ್ಕೆ ಉತ್ತರಿಸುತ್ತಾ ಈ ಪ್ರಸ್ತಾವವನ್ನು ಮುಂದುವರಿಸುವುದಿಲ್ಲ ಎಂದು ತಿಳಿಸಿತು. ಆದ್ದರಿಂದ ‘ಕೋರ್ಸ್ ಮುಗಿಸಿದ ಮೇಲೆ ಇಲ್ಲಿನ ಇಸ್ಲಾಮಿ ಬ್ಯಾಂಕಿನಲ್ಲಿ ಕೆಲಸ’ ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ಹಾಗಾದರೆ ಕೆಲಸ ಯಾರು ಕೊಡುತ್ತಾರೆ? ಸಹಕಾರ ಕಾಯಿದೆಯಡಿ ನೋಂದಾಯಿತವಾಗಿ ಸದಸ್ಯರಿಗೆ ಬಡ್ಡಿಯಿಲ್ಲದ ಸಾಲ ಕೊಡುವ ಸಂಘಗಳಿವೆ. ಜಕಾತ್ (ಕಡ್ಡಾಯ ದಾನ) ಸಂಗ್ರಹಿಸಿ ಹಂಚುವ ಸಂಸ್ಥೆಗಳಿವೆ. ವಕ್ಫ್ ಆಸ್ತಿಗಳಿವೆ, ಅವುಗಳ ಬಾಡಿಗೆ, ಕರಾರು, ಲೆಕ್ಕ ನೋಡಬಲ್ಲವರು ಸಾಲದು. ಷೇರು ಪೇಟೆಯಲ್ಲಿ ಶರೀಅತ್ ಸೂಚ್ಯಂಕಗಳಿವೆ. ಶರೀಅತ್ ನಿಯಮದಂತೆ ಷೇರುಗಳಲ್ಲಿ ಹೂಡುವ ಟಾಟಾ ಎಥಿಕಲ್ ಫಂಡ್ 1996ರಿಂದ ನಡೆಯುತ್ತಿದೆ. ಅಲ್ಲಿಗೆ ಕಂಪನಿಗಳ ಸಾಲ, ಆದಾಯಗಳನ್ನು ಜರಡಿ ಹಿಡಿಯುವವರು ಬೇಕು. ಮೈಸೂರಿನವರು ಸಾಮಾನ್ಯವಾಗಿ ಮರೆಯುವ ಇನ್ನೊಂದು ಬಾಗಿಲು ಸಾಫ್ಟ್‌ವೇರ್. ಇನ್ಫೋಸಿಸ್‌ನ ಫಿನಾಕಲ್, ಒರಾಕಲ್‌ನ ಫ್ಲೆಕ್ಸ್‌ಕ್ಯೂಬ್ ಎರಡರಲ್ಲೂ ಇಸ್ಲಾಮಿ ಬ್ಯಾಂಕಿಂಗ್‌ಗೆ ಪ್ರತ್ಯೇಕ ವ್ಯವಸ್ಥೆ ಇದೆ. ಹೆಬ್ಬಾಳದ ಕ್ಯಾಂಪಸ್ಸಿನ ಬಸ್ ಹತ್ತುವ ಎಂಜಿನಿಯರಿಗೆ ಮುರಾಬಹ ಕರಾರಿನ (ಸರಕು ಕೊಂಡು, ಕೊಂಡ ಬೆಲೆಯನ್ನು ತಿಳಿಸಿ, ಗೊತ್ತಾದ ಲಾಭ ಸೇರಿಸಿ ಮಾರುವುದು) ಹಂತಗಳು ಗೊತ್ತಿದ್ದರೆ ಆತ ಗುಂಪಿನಲ್ಲಿ ಬೇರೆಯಾಗಿ ಕಾಣುತ್ತಾನೆ. ಆಮೇಲೆ ಕೊಲ್ಲಿ ರಾಷ್ಟ್ರಗಳು, ಮಲೇಷ್ಯಾ ಇದ್ದೇ ಇವೆ. ಜಗತ್ತಿನಲ್ಲಿ ಈ ವಲಯದ ಆಸ್ತಿ ಈಗ 3 ಲಕ್ಷ ಕೋಟಿ ಡಾಲರ್ ದಾಟಿದೆ.

ಒಂದು ಆಲೆಮನೆಯ ಕರಾರು

ದಾರಿಗಳನ್ನು ಹೋಲಿಸಲು ನಾನು ವಿದ್ಯಾರ್ಥಿಗಳ ಮುಂದಿಡುವುದು ಒಂದೇ ಒಂದು ಲೆಕ್ಕ. ಮಂಡ್ಯ ತಾಲ್ಲೂಕಿನಲ್ಲಿ ಒಬ್ಬರು ಆಲೆಮನೆ ನಡೆಸುತ್ತಾರೆ ಎಂದುಕೊಳ್ಳಿ. ಹಂಗಾಮು ಶುರುವಾಗುವ ಮೊದಲು ಕಬ್ಬು ಕೊಳ್ಳಲು, ಕೂಲಿಯವರಿಗೆ ಮುಂಗಡ ಕೊಡಲು ಅವರಿಗೆ 2 ಲಕ್ಷ ರೂಪಾಯಿ ಬೇಕು. ಮಂಡಿಯವರು ಕೊಡುತ್ತಾರೆ, ಆದರೆ ಬೆಲ್ಲವನ್ನೆಲ್ಲ ಅವರಿಗೇ ಹಾಕಬೇಕು, ಬೆಲೆಯೂ ಅವರದೇ, ಮೇಲೆ ಬಡ್ಡಿ. ಬಡ್ಡಿಯಿಲ್ಲದ ಸಂಘವೊಂದು ಇದಕ್ಕೆ ಬದಲು ಸಲಮ್ ಕರಾರು ಮಾಡಲು ಬಯಸುತ್ತದೆ. ಅಂದರೆ ಸಾಲ ಕೊಡುವುದಿಲ್ಲ. ಬೆಲ್ಲವನ್ನು ಈಗಲೇ ಪೂರ್ತಿ ಹಣ ಕೊಟ್ಟು ಕೊಳ್ಳುತ್ತದೆ, ಸರಕನ್ನು ಮೂರು ತಿಂಗಳ ನಂತರ ಪಡೆಯುತ್ತದೆ.

ಇದು ಇತ್ತೀಚಿನ ಆವಿಷ್ಕಾರವಲ್ಲ. ಪ್ರವಾದಿಯವರು ಮದೀನಾಕ್ಕೆ ಬಂದಾಗ ಅಲ್ಲಿನವರು ಒಂದೆರಡು ವರ್ಷ ಮೊದಲೇ ಖರ್ಜೂರಕ್ಕೆ ಹಣ ಕೊಡುತ್ತಿದ್ದರು. ಮುಂಗಡ ಕೊಡುವವರು ಗೊತ್ತಾದ ಅಳತೆ, ಗೊತ್ತಾದ ತೂಕ, ಗೊತ್ತಾದ ಅವಧಿಗೆ ಕೊಡಲಿ ಎಂದು ಪ್ರವಾದಿಯವರು ವಿಧಿಸಿದ್ದನ್ನು ಬುಖಾರಿ, ಮುಸ್ಲಿಂ ಸಂಗ್ರಹಗಳು ದಾಖಲಿಸಿವೆ. ಬಹ್ರೇನ್‌ನಲ್ಲಿರುವ, ಇಸ್ಲಾಮಿ ಹಣಕಾಸು ಸಂಸ್ಥೆಗಳಿಗೆ ಮಾನದಂಡ ರೂಪಿಸುವ ‘ಅಯೋಫಿ’ ತನ್ನ 10ನೇ ಶರೀಅತ್ ಮಾನದಂಡವನ್ನು ಪೂರ್ತಿ ಇದಕ್ಕೇ ಮೀಸಲಿಟ್ಟಿದೆ.

ಈಗ ಆ ಕರಾರನ್ನು ಬರೆಯಲು ಕುಳಿತುಕೊಳ್ಳಿ. ಅಚ್ಚು ಬೆಲ್ಲವೋ ಬಕೆಟ್ ಬೆಲ್ಲವೋ? ಬಣ್ಣ ಹೇಗಿರಬೇಕು, ರಾಸಾಯನಿಕ ಹಾಕಬಹುದೇ? ಎಷ್ಟು ಕ್ವಿಂಟಲ್, ಯಾವ ತಾರೀಖು, ಮಂಡ್ಯದ ಎಪಿಎಂಸಿ ಅಂಗಳದಲ್ಲೋ ಸಂಘದ ಗೋದಾಮಿನಲ್ಲೋ? ಹಣ ಕರಾರಿನ ಹೊತ್ತಿಗೇ ಪೂರ್ತಿ ಸಂದಾಯವಾಗಬೇಕು. ಅಯೋಫಿ ಹೆಚ್ಚೆಂದರೆ ಎರಡು ಮೂರು ದಿನದ ತಡ ಒಪ್ಪುತ್ತದೆ. ಇಂಥ ಹೊಲದ ಕಬ್ಬಿನ ಬೆಲ್ಲವೇ ಆಗಬೇಕು ಎಂದು ಬರೆದರೆ ಕರಾರು ನಿಲ್ಲುವುದಿಲ್ಲ, ಏಕೆಂದರೆ ಆ ಹೊಲ ಕೈಕೊಟ್ಟರೆ ಸರಕೇ ಇಲ್ಲ. ಬೆಲ್ಲ ಕೈಗೆ ಬರುವ ಮೊದಲು ಅದೇ ಸರಕನ್ನು ಸಂಘ ಇನ್ನೊಬ್ಬರಿಗೆ ಮಾರುವಂತಿಲ್ಲ. ಆದರೆ ಅಷ್ಟೇ ಪ್ರಮಾಣದ ಬೆಲ್ಲಕ್ಕೆ ಮೈಸೂರಿನ ಸಗಟು ಅಂಗಡಿಯೊಂದರ ಜೊತೆ, ಮೊದಲನೆಯದಕ್ಕೆ ಕಟ್ಟುಬೀಳದ ಪ್ರತ್ಯೇಕ ಸಲಮ್ ಮಾಡಿಕೊಳ್ಳಬಹುದು. ಆಲೆಮನೆಯವರು ತಡ ಮಾಡಿದರೆ ದಂಡ ಹಾಕುವಂತಿಲ್ಲ. ಸರಕು ಸಿಗದೇ ಹೋದರೆ ಸಂಘ ಒಂದೋ ಕಾಯಬೇಕು, ಇಲ್ಲವೇ ಕೊಟ್ಟಷ್ಟೇ ಹಣ ವಾಪಸು ಪಡೆಯಬೇಕು.

ಇಷ್ಟು ಶರೀಅತ್ತಿನ ಕಡೆಯದು. ಇದರ ಪಕ್ಕದಲ್ಲೇ ಇನ್ನೊಂದು ರಾಶಿ ಪ್ರಶ್ನೆಗಳಿವೆ. ಸರಕು ಕೊಂಡು ಮಾರಲು ಸಂಘದ ಬೈಲಾ ಅವಕಾಶ ಕೊಡುತ್ತದೆಯೇ? ಕೊಟ್ಟ ಹಣವನ್ನು ಆಸ್ತಿ ಹೊಣೆ ಪಟ್ಟಿಯಲ್ಲಿ ಸಾಲವೆಂದು ತೋರಿಸುವುದೇ, ಖರೀದಿಗೆ ಕೊಟ್ಟ ಮುಂಗಡವೆಂದೇ? ತೆರಿಗೆ ಹೇಗೆ, ಮಾರುಕಟ್ಟೆ ಶುಲ್ಕ ಯಾರ ಮೇಲೆ, ಕರಾರು ಮುರಿದರೆ ಯಾವ ನ್ಯಾಯಾಲಯ? ವರ್ಷಾಂತ್ಯದ ಲೆಕ್ಕಪರಿಶೋಧನೆಗೆ ಬಂದವರಿಗೆ ಏನು ತೋರಿಸುತ್ತೀರಿ?

ಈ ಒಂದು ಲೆಕ್ಕವನ್ನು ಬೇರೆ ಬೇರೆ ಓದಿನವರ ಕೈಗೆ ಕೊಟ್ಟರೆ ಯಾರಲ್ಲಿ ಏನು ಕೊರತೆ ಎಂಬುದು ತಕ್ಷಣ ಗೊತ್ತಾಗುತ್ತದೆ. ಪ್ರಮಾಣಪತ್ರ ಮಾತ್ರ ಪಡೆದವರು ಸಲಮ್ ಎಂದರೇನೆಂದು ಚೆನ್ನಾಗಿ ವಿವರಿಸುತ್ತಾರೆ, ಕರಾರು ಬರೆಯಲು ಹೇಳಿದರೆ ಪೆನ್ನು ಓಡುವುದಿಲ್ಲ. ಫತ್ವಾ ಕೊಡುವ ಮುಫ್ತಿಯ ಓದು ಓದಿದವರು ಷರತ್ತುಗಳನ್ನು ಒಂದೂ ಬಿಡದೆ ಹೇಳುತ್ತಾರೆ, ಬೈಲಾ ಮತ್ತು ಲೆಡ್ಜರಿನ ಮುಂದೆ ನಿಲ್ಲುತ್ತಾರೆ. ಸಿ.ಎ. ಮುಗಿಸಿದವರು ಲೆಡ್ಜರನ್ನು ನಿಮಿಷದಲ್ಲಿ ಬರೆಯುತ್ತಾರೆ, ಆದರೆ ಅಭ್ಯಾಸಬಲದಿಂದ ತಡಕ್ಕೆ ಶೇಕಡಾ ಇಷ್ಟು ದಂಡ ಎಂದು ಸೇರಿಸಿಬಿಡುತ್ತಾರೆ. ಆ ಒಂದು ಸಾಲು ಕರಾರನ್ನು ಮತ್ತೆ ಬಡ್ಡಿಯ ಸಾಲಕ್ಕೆ ಇಳಿಸುತ್ತದೆ.

ಸಾಲದ ವ್ಯವಹಾರವನ್ನು ಬರೆದಿಡಿ, ಬರೆಯುವವನು ನ್ಯಾಯವಾಗಿ ಬರೆಯಲಿ ಎಂದು ಹೇಳುವ ವಚನ (2:282) ಕುರ್‌ಆನಿನಲ್ಲೇ ಅತ್ಯಂತ ದೀರ್ಘವಾದದ್ದು. ನಮ್ಮ ಎರಡು ಜಿಲ್ಲೆಗಳಲ್ಲಿ ಈ ಬರೆಯುವವರೇ ಇಲ್ಲ ಎಂಬುದು ನನ್ನ ಚಿಂತೆ.

ಮಲೇಷ್ಯಾ, ಅಲಿಗಢ

ಪೂರ್ತಿ ಪದವಿಯೇ ಬೇಕು, ಮನೆಯವರಿಗೆ ಖರ್ಚು ಹೊರುವ ಶಕ್ತಿಯಿದೆ, ಹೊರದೇಶದಲ್ಲಿ ನೆಲೆಸಲು ಅಡ್ಡಿಯಿಲ್ಲ ಎನ್ನುವವರಿಗೆ ಮಲೇಷ್ಯಾಕ್ಕಿಂತ ಉತ್ತಮ ಜಾಗ ನನಗೆ ತೋರುವುದಿಲ್ಲ. ಗೊಂಬಾಕ್‌ನ ಅಂತರರಾಷ್ಟ್ರೀಯ ಇಸ್ಲಾಮಿ ವಿಶ್ವವಿದ್ಯಾಲಯ 1983ರದು. ಅದೇ ವರ್ಷ ಆ ದೇಶದ ಮೊದಲ ಇಸ್ಲಾಮಿ ಬ್ಯಾಂಕ್ ಬಾಗಿಲು ತೆರೆಯಿತು. ಇಸ್ಲಾಮಿ ಹಣಕಾಸಿಗೆಂದೇ ಮೀಸಲಾದ ಇನ್‌ಸೀಫ್ ಅನ್ನು ಮಲೇಷ್ಯಾದ ಕೇಂದ್ರ ಬ್ಯಾಂಕ್ 2005ರಲ್ಲಿ ಸ್ಥಾಪಿಸಿತು.

ಈ ಎರಡು ಇಸವಿಗಳ ನಡುವಿನ ಅಂತರವನ್ನು ಗಮನಿಸಿ. ಬ್ಯಾಂಕು ಮೊದಲು ಬಂತು, ಅದಕ್ಕೆ ಬೇಕಾದ ಜನರನ್ನೇ ತಯಾರಿಸುವ ಸಂಸ್ಥೆ ಇಪ್ಪತ್ತೆರಡು ವರ್ಷದ ನಂತರ ಬಂತು. ನಡುವಿನ ಕಾಲದಲ್ಲಿ ಬಡ್ಡಿ ಬ್ಯಾಂಕುಗಳಲ್ಲಿ ಪಳಗಿದವರೇ ಇಸ್ಲಾಮಿ ಬ್ಯಾಂಕಿನಲ್ಲೂ ಮೇಜಿನ ಹಿಂದೆ ಕುಳಿತರು. ಹಳೆಯ ಸಾಲಕ್ಕೆ ಹೊಸ ಅರಬಿ ಹೆಸರಿಟ್ಟರು ಎಂಬ ಟೀಕೆ ಈ ವಲಯದ ಮೇಲೆ ಇಂದಿಗೂ ಇದೆ, ಅದರ ಬೇರು ಇರುವುದು ಇಲ್ಲಿಯೇ. ಜೆಡ್ಡಾದ ಇಸ್ಲಾಮಿ ಅಭಿವೃದ್ಧಿ ಬ್ಯಾಂಕ್ ಈ ವಿಷಯದಲ್ಲಿ ಮುಂದಾಲೋಚನೆ ತೋರಿತು. 1975ರಲ್ಲಿ ಕೆಲಸ ಆರಂಭಿಸಿ 1981ರಲ್ಲೇ ಸಂಶೋಧನೆ ಮತ್ತು ತರಬೇತಿಗೆ ಪ್ರತ್ಯೇಕ ಸಂಸ್ಥೆ ಕಟ್ಟಿತು. ನಮ್ಮಲ್ಲಿ ಬ್ಯಾಂಕು ಇಲ್ಲದಿರುವುದೇ ಒಂದು ಅನುಕೂಲ ಎಂದು ನಾನು ನಂಬುತ್ತೇನೆ: ಜನರನ್ನು ಮೊದಲು ತಯಾರಿಸಿಕೊಳ್ಳಲು ಸಮಯವಿದೆ.

ಮಲೇಷ್ಯಾದ ಓದಿಗೆ ಒಂದು ಮಿತಿಯೂ ಇದೆ. ಅಲ್ಲಿ ಕಲಿಯುವುದು 2013ರ ಅಲ್ಲಿನ ಇಸ್ಲಾಮಿ ಹಣಕಾಸು ಸೇವೆಗಳ ಕಾಯಿದೆಯ ನೆರಳಿನಲ್ಲಿ. ಕೇಂದ್ರ ಬ್ಯಾಂಕಿನಲ್ಲೇ ಶರೀಅತ್ ಮಂಡಳಿ ಇರುವ ವ್ಯವಸ್ಥೆಯದು. ಹಿಂದಿರುಗಿ ಮೈಸೂರಿಗೆ ಬಂದರೆ ಆ ಕಾನೂನೂ ಇಲ್ಲ, ಆ ಮಂಡಳಿಯೂ ಇಲ್ಲ. ಅಲ್ಲೇ ಅಥವಾ ಕೊಲ್ಲಿಯಲ್ಲಿ ಕೆಲಸ ಮಾಡುವವರಿಗೆ ಇದು ತೊಡಕಲ್ಲ.

ದೇಶದೊಳಗೇ ಇರಬೇಕೆನ್ನುವವರಿಗೆ ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದ ಇಸ್ಲಾಮಿಕ್ ಬ್ಯಾಂಕಿಂಗ್ ಮತ್ತು ಫೈನಾನ್ಸ್ ಎಂಬಿಎ ಇದೆ. ಕೇಂದ್ರೀಯ ವಿಶ್ವವಿದ್ಯಾಲಯವಾದ್ದರಿಂದ ಶುಲ್ಕದ ಹೊರೆ ಕಡಿಮೆ, ಹೆಚ್ಚಿನ ಪೈಪೋಟಿ ಪ್ರವೇಶ ಪರೀಕ್ಷೆಯಲ್ಲಿ. ಅಲಿಗಢಕ್ಕೆ ಈ ವಿಷಯದಲ್ಲಿ ದೊಡ್ಡ ಪರಂಪರೆಯೂ ಇದೆ. ಬಡ್ಡಿಯಿಲ್ಲದ ಬ್ಯಾಂಕಿಂಗ್‌ನ ಸಿದ್ಧಾಂತ ಕಟ್ಟಿದವರಲ್ಲಿ ಪ್ರಮುಖರಾದ, ಗೋರಖ್‌ಪುರದಲ್ಲಿ ಹುಟ್ಟಿದ ಮುಹಮ್ಮದ್ ನಜಾತುಲ್ಲಾ ಸಿದ್ದೀಕಿ ಅಲ್ಲಿ ಅಧ್ಯಾಪಕರಾಗಿದ್ದು ಆಮೇಲೆ ಜೆಡ್ಡಾದ ವಿಶ್ವವಿದ್ಯಾಲಯಕ್ಕೆ ಹೋದರು. 1982ರಲ್ಲಿ ಅವರಿಗೆ ಕಿಂಗ್ ಫೈಸಲ್ ಪ್ರಶಸ್ತಿ ಬಂತು. ಇದು ಎಂಬಿಎ ಆದ್ದರಿಂದ ಇನ್ನೊಂದು ಲಾಭವಿದೆ: ಇಸ್ಲಾಮಿ ಸಂಸ್ಥೆಯಲ್ಲಿ ಕೆಲಸ ಸಿಗದಿದ್ದರೂ ಪದವಿ ವ್ಯರ್ಥವಾಗುವುದಿಲ್ಲ.

ಮಾನಸಗಂಗೋತ್ರಿಯಲ್ಲಿ ಎಂ.ಕಾಂ. ಅಥವಾ ಎಂಬಿಎ ಮಾಡಿ, ಸಂಶೋಧನಾ ಪ್ರಬಂಧಕ್ಕೆ ಈ ವಿಷಯ ಆರಿಸಿಕೊಳ್ಳುವುದು ಇನ್ನೊಂದು ದಾರಿ. ಮನೆ ಬಿಟ್ಟು ಹೋಗಲಾಗದವರಿಗೆ ಇದು ಸೂಕ್ತ. ಮಾರ್ಗದರ್ಶಕರಿಗೆ ವಿಷಯ ಹೊಸದಾಗಿರಬಹುದು, ಓದನ್ನು ನೀವೇ ಕಟ್ಟಿಕೊಳ್ಳಬೇಕಾಗುತ್ತದೆ.

ಪ್ರಮಾಣಪತ್ರಗಳು

ಇಲ್ಲಿ ಎಚ್ಚರ ಬೇಕು, ಏಕೆಂದರೆ ಆನ್‌ಲೈನ್‌ನಲ್ಲಿ ಇವುಗಳ ಸಂತೆಯೇ ನೆರೆದಿದೆ. ನನ್ನ ಲೆಕ್ಕದಲ್ಲಿ ಮೊದಲ ಸಾಲಿನಲ್ಲಿ ನಿಲ್ಲುವವು ಅಯೋಫಿಯವು. ಆ ಸಂಸ್ಥೆ 1991ರಲ್ಲಿ ಬಹ್ರೇನ್‌ನಲ್ಲಿ ನೋಂದಣಿಯಾಯಿತು. ಅದು ನಡೆಸುವ ಪರೀಕ್ಷೆಗಳಲ್ಲಿ ಮುಖ್ಯವಾದವು ಎರಡು: ಲೆಕ್ಕಿಗರಿಗೆ ಸಿಪಾ, ಶರೀಅತ್ ಸಲಹೆಗಾರ ಮತ್ತು ಪರಿಶೋಧಕರಿಗೆ ಸಿಎಸ್‌ಎಎ. ಇವುಗಳ ಬಲ ಇರುವುದು ಪಠ್ಯದಲ್ಲಿ. ಮಾನದಂಡ ಬರೆದವರೇ ಅದನ್ನು ಕಲಿಸುತ್ತಾರೆ. ಮುರಾಬಹಕ್ಕೆ 8ನೇ ಮಾನದಂಡ, ಬಾಡಿಗೆ ಕರಾರಿಗೆ 9ನೆಯದು, ಪಾಲುದಾರಿಕೆಗೆ 12ನೆಯದು, ಷೇರುಗಳಿಗೆ 21ನೆಯದು ಹೀಗೆ ಒಂದೊಂದನ್ನೂ ಕಲಮು ಕಲಮಾಗಿ ಓದಬೇಕಾಗುತ್ತದೆ. ಕಂಪನಿಯ ಬಡ್ಡಿ ಸಾಲ ಅದರ ಮಾರುಕಟ್ಟೆ ಮೌಲ್ಯದ ಶೇ 30 ಮೀರಬಾರದು, ನಿಷಿದ್ಧ ಆದಾಯ ಒಟ್ಟು ಆದಾಯದ ಶೇ 5 ಮೀರಬಾರದು ಎಂಬ, ಹೂಡಿಕೆದಾರರು ಬಾಯಿಮಾತಿನಲ್ಲಿ ಬಳಸುವ ನಿಯಮ ಬಂದಿರುವುದು ಆ 21ನೆಯದರಿಂದಲೇ.

ಲಂಡನ್ನಿನ ಹೂಡಿಕೆ ವೃತ್ತಿಪರರ ಸಂಸ್ಥೆ ಸಿಐಎಸ್‌ಐ ಕೊಡುವ ಇಸ್ಲಾಮಿ ಹಣಕಾಸು ಅರ್ಹತಾ ಪರೀಕ್ಷೆ ಪರಿಚಯದ ಮಟ್ಟದ್ದು. ಈಗಾಗಲೇ ಬ್ಯಾಂಕಿನಲ್ಲೋ ಸಾಫ್ಟ್‌ವೇರ್ ಕಂಪನಿಯಲ್ಲೋ ಇರುವವರಿಗೆ ಅಷ್ಟು ಸಾಕು. ಬಹ್ರೇನ್‌ನ ಬ್ಯಾಂಕಿಂಗ್ ಮತ್ತು ಹಣಕಾಸು ಸಂಸ್ಥೆಯ ಇಸ್ಲಾಮಿ ಹಣಕಾಸು ಡಿಪ್ಲೊಮಾ ಇದಕ್ಕಿಂತ ಗಟ್ಟಿ. ಕೊಲ್ಲಿಯಲ್ಲಿ ಕೆಲಸ ಹಿಡಿದಿರುವ ನಮ್ಮವರು ಅಲ್ಲಿಯೇ ಸಂಜೆಯ ಹೊತ್ತು ಓದಲು ನೋಡಬಹುದು.

ಉಳಿದವನ್ನು ಅಳೆಯಲು ನನ್ನ ಬಳಿ ಒಂದೇ ಪರೀಕ್ಷೆ: ಪಠ್ಯದಲ್ಲಿ ಕರಾರಿನ ಪೂರ್ತಿ ಪ್ರತಿಯೊಂದನ್ನು ಓದಿಸಿ ತಿದ್ದಿಸುತ್ತಾರೆಯೇ? ಇಲ್ಲವೆಂದರೆ ಆ ಹಣದಲ್ಲಿ ಅಯೋಫಿ ಮಾನದಂಡಗಳನ್ನು ಕೊಂಡು ಮನೆಯಲ್ಲೇ ಓದುವುದು ಮೇಲು.

ಸಿ.ಎ. ದಾರಿ

ವಾಣಿಜ್ಯ ವಿದ್ಯಾರ್ಥಿಗಳಿಗೆ ನಾನು ಒತ್ತಿ ಹೇಳುವುದು ಇದನ್ನೇ, ಇದರಲ್ಲಿ ಇಸ್ಲಾಮಿನ ಹೆಸರೇ ಇಲ್ಲದಿದ್ದರೂ. ಬಿ.ಕಾಂ.ನಲ್ಲಿ ಶೇ 55 ಅಂಕ ಪಡೆದವರು ಫೌಂಡೇಷನ್ ಪರೀಕ್ಷೆಯಿಲ್ಲದೆ ನೇರವಾಗಿ ಇಂಟರ್‌ಮೀಡಿಯೆಟ್ ಹಂತಕ್ಕೆ ಸೇರಬಹುದು. ಆರ್ಟಿಕಲ್‌ಶಿಪ್ (ಸಿ.ಎ. ಕಚೇರಿಯ ತರಬೇತಿ) 2023ರ ಹೊಸ ವ್ಯವಸ್ಥೆಯಲ್ಲಿ ಮೂರು ವರ್ಷದಿಂದ ಎರಡಕ್ಕೆ ಇಳಿದಿದೆ. ಸಿ.ಎ. ಪರೀಕ್ಷೆ ನಡೆಸುವ ಸಂಸ್ಥೆಯ ಶಾಖೆ ಮೈಸೂರಿನಲ್ಲೇ ಇದೆ, ಆರ್ಟಿಕಲ್‌ಶಿಪ್ ಕೂಡ ಇಲ್ಲಿಯ ಕಚೇರಿಗಳಲ್ಲೇ ಮಾಡಬಹುದು. ಆ ಎರಡು ವರ್ಷ ನೀವು ರೇಷ್ಮೆ ವ್ಯಾಪಾರಿಯ, ಅಕ್ಕಿ ಗಿರಣಿಯ, ಊದುಬತ್ತಿ ಕಾರ್ಖಾನೆಯ ಲೆಕ್ಕ ನೋಡುತ್ತೀರಿ. ಲಾಭ ನಷ್ಟ ಹಂಚಿಕೊಳ್ಳುವ ಮುಷಾರಕ ಕರಾರಿನಲ್ಲಿ ಎಲ್ಲಕ್ಕಿಂತ ಕಷ್ಟದ್ದು ಪಾಲುದಾರ ನಿಜವಾದ ಲಾಭ ತೋರಿಸಿದ್ದಾನೆಯೇ ಎಂಬುದು. ಅದನ್ನು ಕಂಡುಹಿಡಿಯುವ ಕಣ್ಣು ಬರುವುದು ಈ ಬಗೆಯ ತರಬೇತಿಯಿಂದ, ಯಾವ ಉಪನ್ಯಾಸದಿಂದಲೂ ಅಲ್ಲ.

2019ರ ಜೂನ್ ನೆನಪಿಸಿಕೊಳ್ಳಿ. ಹಲಾಲ್ ಹೂಡಿಕೆ ಎಂಬ ಹೆಸರಿನಲ್ಲಿ ಹಣ ಸಂಗ್ರಹಿಸಿದ್ದ ಬೆಂಗಳೂರಿನ ಐಎಂಎ ಕುಸಿದಾಗ ಸಾವಿರಾರು ಕುಟುಂಬಗಳ ಉಳಿತಾಯ ಹೋಯಿತು. ಮಗಳ ಮದುವೆಗೆಂದು ಇಟ್ಟದ್ದು, ಗಂಡನ ನಿವೃತ್ತಿ ಹಣ, ಕೊಲ್ಲಿಯಲ್ಲಿ ದುಡಿದದ್ದು ಎಲ್ಲವೂ. ಹಣ ಇಟ್ಟವರಲ್ಲಿ ನಂಬಿಕೆಗೆ ಕೊರತೆ ಇರಲಿಲ್ಲ. ಯಾವ ವ್ಯಾಪಾರದಿಂದ ಈ ಲಾಭ ಬರುತ್ತಿದೆ, ಪರಿಶೋಧಿತ ಲೆಕ್ಕ ಎಲ್ಲಿ, ಠೇವಣಿ ಪಡೆಯಲು ಯಾವ ಕಾನೂನಿನ ಅನುಮತಿಯಿದೆ ಎಂದು ಮೊಹಲ್ಲಾದಲ್ಲಿ ನಿಂತು ಕೇಳುವ, ಕೇಳಿದರೆ ಜನ ಕಿವಿಗೊಡುವಂತಹ ಲೆಕ್ಕಿಗರು ನಮ್ಮಲ್ಲಿ ಸಾಕಷ್ಟು ಇರಲಿಲ್ಲ. ಪ್ರತಿ ಬಡಾವಣೆಯಲ್ಲೂ ಅಂಥವರು ಇಬ್ಬರು ಮೂವರು ಇರಲಿ ಎಂಬುದೇ ನಾನು ಈ ದಾರಿಗೆ ಇಷ್ಟು ಒತ್ತು ಕೊಡಲು ಕಾರಣ.

ಸಿ.ಎ. ಜೊತೆಗೆ ಸಿಪಾ ಸೇರಿದರೆ ನನ್ನ ದೃಷ್ಟಿಯಲ್ಲಿ ಅದು ಈಗ ಸಿಗುವ ಅತ್ಯುತ್ತಮ ಜೋಡಿ. ಹಾದಿ ದೀರ್ಘವಾದದ್ದು, ಅನುತ್ತೀರ್ಣರಾಗುವವರೇ ಹೆಚ್ಚು. ಅಷ್ಟು ತಾಳ್ಮೆ ಇಲ್ಲದವರು ವೆಚ್ಚ ಲೆಕ್ಕಶಾಸ್ತ್ರದ ಸಿಎಂಎ ನೋಡಲಿ.

ಮದರಸಾದಿಂದ ಬರುವವರಿಗೆ

ಆಲಿಂ ಓದಿದವರ ಬಳಿ ಇರುವ ಬಂಡವಾಳವನ್ನು ನಮ್ಮ ಕಾಲೇಜುಗಳು ಅರಿತಿಲ್ಲ. ಫಿಕ್ಹ್ (ಶರೀಅತ್ ನಿಯಮಗಳ ಶಾಸ್ತ್ರ) ಗ್ರಂಥಗಳಲ್ಲಿ ಕ್ರಯವಿಕ್ರಯದ ಅಧ್ಯಾಯಗಳನ್ನು ಅವರು ಅರಬಿ ಮೂಲದಲ್ಲಿ ಓದಿರುತ್ತಾರೆ. ಅಡಮಾನ, ಜಾಮೀನು, ಬಾಡಿಗೆ, ಪಾಲುದಾರಿಕೆ, ದಿವಾಳಿತನ ಎಲ್ಲ ಅಲ್ಲಿದೆ. ಎಂಬಿಎ ಓದುವ ಹುಡುಗ ಎರಡು ವರ್ಷ ಕಷ್ಟಪಟ್ಟರೂ ಆ ಆಳಕ್ಕೆ ಇಳಿಯಲಾರ. ಅವರಿಗೆ ಇಲ್ಲದ್ದು ಇಂಗ್ಲಿಷ್, ಟ್ಯಾಲಿ, ಕಾನೂನು ಮತ್ತು ಪಿಯುಸಿ ಪ್ರಮಾಣಪತ್ರ.

ಪ್ರಮಾಣಪತ್ರದ ಸಮಸ್ಯೆಗೆ ಬಿಡಿಸುವ ದಾರಿಗಳಿವೆ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಹತ್ತನೆಯ, ಹನ್ನೆರಡನೆಯ ತರಗತಿ ಬರೆಯಬಹುದು, ಆಮೇಲೆ ಮುಕ್ತಗಂಗೋತ್ರಿಯ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಲ್ಲಿ ಬಿ.ಕಾಂ. ಮಾಡಬಹುದು. ಮಸೀದಿಯಲ್ಲಿ ಇಮಾಮರಾಗಿದ್ದುಕೊಂಡೇ ಇದು ಸಾಧ್ಯ. ಅಲಿಗಢದಲ್ಲಿ ಮದರಸಾ ವಿದ್ಯಾರ್ಥಿಗಳಿಗೆಂದೇ 2013ರಿಂದ ಸೇತುಬಂಧ ಕೋರ್ಸ್ ಇದೆ. ಹೈದರಾಬಾದಿನ ಮೌಲಾನಾ ಆಜಾದ್ ರಾಷ್ಟ್ರೀಯ ಉರ್ದು ವಿಶ್ವವಿದ್ಯಾಲಯದಲ್ಲಿ ಉರ್ದುವಿನಲ್ಲೇ ಪದವಿ ಓದಬಹುದು, ಮೈಸೂರಿನಿಂದ ದೂರವೂ ಅಲಿಗಢಕ್ಕಿಂತ ಕಡಿಮೆ. ಇಫ್ತಾ (ಫತ್ವಾ ಕೊಡುವ) ತರಬೇತಿಯೂ ಬಿ.ಕಾಂ. ಪದವಿಯೂ ಇರುವ ಒಬ್ಬ ಯುವಕನಿಗೆ ಸಿಎಸ್‌ಎಎ ಪರೀಕ್ಷೆ ಹೆದರಿಕೆಯ ವಿಷಯವೇ ಅಲ್ಲ, ಉಳಿದವರು ತಿಣುಕುವ ಭಾಗ ಅವನಿಗೆ ಹಳೆಯ ಪಾಠ. ಇಂಥವರು ನಮ್ಮಲ್ಲಿ ಬೆರಳೆಣಿಕೆಯಷ್ಟೂ ಇಲ್ಲ. ಮದರಸಾಗಳ ಆಡಳಿತದವರು ಕೊನೆಯ ಎರಡು ವರ್ಷ ವಾರಕ್ಕೆ ಕೆಲವು ಗಂಟೆ ಲೆಕ್ಕಶಾಸ್ತ್ರಕ್ಕೆ ಬಿಟ್ಟುಕೊಟ್ಟರೆ ಪರಿಸ್ಥಿತಿ ಬದಲಾಗುತ್ತದೆ. ಕಲಿಸಲು ನಮ್ಮಂಥ ಅಧ್ಯಾಪಕರು ಸಿದ್ಧರಿದ್ದೇವೆ.

ಸಂಘದವರು ಯಾರನ್ನು ತೆಗೆದುಕೊಳ್ಳಬೇಕು?

ಹೊರಗಿನಿಂದ ಎಂಬಿಎ ಮಾಡಿದವರನ್ನು ತರುವುದೇ, ಇರುವ ಗುಮಾಸ್ತರನ್ನೇ ತಯಾರು ಮಾಡುವುದೇ? ಸಣ್ಣ ಸಂಘಗಳಿಗೆ ಎರಡನೆಯದೇ ಸರಿ. ಹೊರಗಿನಿಂದ ಬಂದವರು ಒಳ್ಳೆಯ ಅವಕಾಶ ಸಿಕ್ಕ ಕೂಡಲೇ ಬೆಂಗಳೂರಿಗೋ ದುಬೈಗೋ ಹೋಗುತ್ತಾರೆ, ಅದು ಅವರ ತಪ್ಪಲ್ಲ. ಹತ್ತು ವರ್ಷದಿಂದ ಪಾಸ್ ಪುಸ್ತಕ ಬರೆಯುತ್ತಿರುವವರಿಗೆ ಯಾರ ಅಂಗಡಿ ಹೇಗೆ ನಡೆಯುತ್ತಿದೆ, ಯಾರು ಕಷ್ಟದಲ್ಲೂ ಕಂತು ಕಟ್ಟುತ್ತಾರೆ ಎಂಬುದು ಗೊತ್ತಿರುತ್ತದೆ. ಅಮಾನತಿನ ಅರ್ಧ ಅಲ್ಲಿ ಆಗಲೇ ಪರೀಕ್ಷೆಗೆ ಒಳಗಾಗಿದೆ. ಅವರನ್ನು ರಾಜ್ಯ ಸಹಕಾರ ಮಹಾಮಂಡಳದ ಡಿಪ್ಲೊಮಾ ತರಬೇತಿಗೆ ಕಳುಹಿಸಿ. ಸಹಕಾರ ಕಾನೂನು, ಲೆಕ್ಕ, ಪರಿಶೋಧನೆ ಅಲ್ಲಿ ಸಿಗುತ್ತವೆ. ಶರೀಅತ್ತಿನ ಪಾಠಕ್ಕೆ ಒಬ್ಬ ಮುಫ್ತಿಯವರನ್ನು ತಿಂಗಳಿಗೊಮ್ಮೆ ಕರೆದು ಸಂಘದ್ದೇ ಕರಾರುಗಳನ್ನು ಮುಂದಿಟ್ಟು ಓದಿಸಿ. ವ್ಯವಹಾರದ ನಿಯಮ ತಿಳಿಯದವರು ನಮ್ಮ ಪೇಟೆಯಲ್ಲಿ ಮಾರಕೂಡದು ಎಂದು ಖಲೀಫಾ ಉಮರ್ ಕಟ್ಟಪ್ಪಣೆ ಮಾಡಿದ್ದಾಗಿ ತಿರ್ಮಿದಿ ಸಂಗ್ರಹದಲ್ಲಿದೆ. ಅದು ನಿರ್ದೇಶಕರಿಗೂ ಅನ್ವಯಿಸುತ್ತದೆ, ಆ ಪಾಠಕ್ಕೆ ಅವರೂ ಕುಳಿತುಕೊಳ್ಳಲಿ.

ಸಂಬಳದ ಮಾತು ಕಹಿಯಾದರೂ ಆಡಲೇಬೇಕು. ಬಡ್ಡಿಯಿಲ್ಲದ ಸಂಘಗಳ ಆದಾಯ ಸೇವಾಶುಲ್ಕ. ಅದು ನಿಜವಾದ ಖರ್ಚನ್ನು ಮೀರಿದರೆ ಬಡ್ಡಿಯೇ ಆಗುತ್ತದೆ. ಆದ್ದರಿಂದ ‘ಇದು ಸವಾಬಿನ (ಪುಣ್ಯದ) ಕೆಲಸ’ ಎಂದು ಹೇಳಿ ಗುಮಾಸ್ತರಿಗೆ ಕಡಿಮೆ ಕೊಡುವ ಅಭ್ಯಾಸ ಬೆಳೆದಿದೆ. ಬೆವರು ಆರುವ ಮೊದಲೇ ಕೂಲಿ ಕೊಡಿ ಎಂಬ ಪ್ರವಾದಿವಚನವನ್ನು ಗೋಡೆಗೆ ಹಾಕಿರುವ ಕಚೇರಿಯಲ್ಲಿ ಹೀಗೆ ಆಗಬಾರದು. ಸಾಲದ ಶುಲ್ಕದಿಂದ ಸಂಬಳ ಹುಟ್ಟದಿದ್ದರೆ ಮುರಾಬಹ, ಸಲಮ್‌ನಂಥ ವ್ಯಾಪಾರದ ಕರಾರುಗಳಿಂದ ನ್ಯಾಯವಾದ ಲಾಭ ಗಳಿಸಿ. ಅದಕ್ಕೆ ಮತ್ತೆ ಕಲಿತವರೇ ಬೇಕು.

ಹೆಣ್ಣುಮಕ್ಕಳನ್ನು ಈ ಕೆಲಸಕ್ಕೆ ಹೆಚ್ಚಾಗಿ ತೆಗೆದುಕೊಳ್ಳಿ ಎಂದೂ ಹೇಳುತ್ತೇನೆ. ಕಿರುಸಾಲದ ಕಂಪನಿಗಳ ವಸೂಲಿ ಕಿರುಕುಳ ಎಷ್ಟು ಹೆಚ್ಚಾಯಿತೆಂದರೆ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಅದನ್ನು ತಡೆಯಲು ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಆ ಸಾಲ ಪಡೆದವರಲ್ಲಿ ಬಹುಪಾಲು ಹೆಂಗಸರು, ಎಲ್ಲ ಧರ್ಮದವರು. ಬೀಡಿ ಕಟ್ಟುವ, ಊದುಬತ್ತಿ ಹೊಸೆಯುವ, ಹೊಲಿಗೆ ಹಾಕುವ ಈ ಹೆಂಗಸರ ಮನೆಯ ಜಗಲಿಯಲ್ಲಿ ಕುಳಿತು ಅವರ ವ್ಯಾಪಾರದ ಲೆಕ್ಕ ಕೇಳಿ, ಹೊಲಿಗೆ ಯಂತ್ರವನ್ನು ಮುರಾಬಹದಲ್ಲಿ ಕೊಡಿಸಬಲ್ಲವರು ವಾಣಿಜ್ಯ ಓದಿದ ಹೆಣ್ಣುಮಕ್ಕಳು. ಮಂಡ್ಯ, ಶ್ರೀರಂಗಪಟ್ಟಣ, ಮೈಸೂರಿನ ಮಹಿಳಾ ಕಾಲೇಜುಗಳಿಂದ ಅಂಥವರು ಪ್ರತಿ ವರ್ಷ ಹೊರಬರುತ್ತಿದ್ದಾರೆ, ಬಹುತೇಕರು ಕೆಲಸವಿಲ್ಲದೆ ಮನೆಯಲ್ಲಿದ್ದಾರೆ.

ಅರ್ಜಿ ಹಾಕುವ ಮೊದಲು

ಶುಲ್ಕ, ಪ್ರವೇಶದ ದಿನಾಂಕಗಳು ವರ್ಷವರ್ಷವೂ ಬದಲಾಗುತ್ತವೆ. ಆಯಾ ಸಂಸ್ಥೆಯ ಸ್ವಂತ ಜಾಲತಾಣದಲ್ಲೇ ನೋಡಿ, ದಲ್ಲಾಳಿಗಳ ಮಾತು ನಂಬಬೇಡಿ. ದೇಶದೊಳಗಿನ ಯಾವುದೇ ಪದವಿಗೆ ಯುಜಿಸಿ ಮಾನ್ಯತೆ ಇದೆಯೇ, ದೂರಶಿಕ್ಷಣವಾದರೆ ಆ ಕೋರ್ಸಿಗೆ ಈ ಸಾಲಿನ ಅನುಮತಿ ಇದೆಯೇ ಎಂದು ಖಾತ್ರಿಪಡಿಸಿಕೊಳ್ಳಿ. ವಿದೇಶಿ ಪದವಿಯಾದರೆ ಹಿಂದಿರುಗಿದ ಮೇಲೆ ಅದರ ಸಮಾನತೆಯ ಪ್ರಶ್ನೆ ಏಳುತ್ತದೆ, ಅದನ್ನೂ ಮೊದಲೇ ಕೇಳಿ. ಓದಿಗೆ ಹಣ ಹೊಂದಿಸಲು ಬಡ್ಡಿಯ ಶಿಕ್ಷಣ ಸಾಲ ಬೇಡವೆನ್ನುವವರು ಮೊಹಲ್ಲಾದ ಸಾಮೂಹಿಕ ನಿಧಿಯಾದ ಬೈತುಲ್‌ಮಾಲ್, ಸಮುದಾಯದ ವಿದ್ಯಾರ್ಥಿವೇತನ ನಿಧಿಗಳ ಜೊತೆ ರಾಜ್ಯದ ಅಲ್ಪಸಂಖ್ಯಾತರ ಇಲಾಖೆಯ ಯೋಜನೆಗಳನ್ನೂ ವಿಚಾರಿಸಬೇಕು. ಅರ್ಜಿಗಳನ್ನು ಫಲಿತಾಂಶಕ್ಕೆ ಕಾಯದೆ ಕೊನೆಯ ಸೆಮಿಸ್ಟರಿನಲ್ಲೇ ಸಿದ್ಧ ಮಾಡಿಕೊಳ್ಳಿ.

ಇನ್ನೂ ತೀರ್ಮಾನಕ್ಕೆ ಬರಲಾಗದವರು ಒಂದು ಹಂಗಾಮು ಯಾವುದಾದರೂ ಸಂಘದಲ್ಲಿ ಲೆಕ್ಕ ಬರೆದುಕೊಡಲು ಸೇರಿಕೊಳ್ಳಿ. ಕಂತು ಕಟ್ಟಲಾಗದವರು ಬಂದು ಕೂತಾಗ ಅವರಿಗೆ ಏನು ಹೇಳಬೇಕೆಂದು ತಿಳಿಯದೆ ಹೋದರೆ ನಿಮಗೆ ಮೊದಲು ಬೇಕಾಗಿರುವುದು ಫಿಕ್ಹ್. ಅವರು ತಂದ ಚೀಟಿಗಳಿಂದ ತಿಂಗಳ ಆದಾಯ ಎಷ್ಟೆಂದು ಲೆಕ್ಕ ಹಾಕಲಾಗದಿದ್ದರೆ ಮೊದಲು ಬೇಕಾಗಿರುವುದು ಸಿ.ಎ. ಕಚೇರಿಯ ತರಬೇತಿ.